ಅಂಕ ಕೊಟ್ಟವರ ಹೆಸರು ಕಾಣಲಿ



ಮಂಜುಗಡ್ಡೆಯ ಮೇಲೆ ಕುಣಿಯುವ ಆಟಕ್ಕೂ ಈ ಮೇಷ್ಟ್ರಿಗೂ ಎಲ್ಲಿಯ ಸಂಬಂಧ ಎಂದು ನಿಮ್ಮಲ್ಲಿ ಹಲವರಿಗೆ ಅನ್ನಿಸಬಹುದು. ಸಂಬಂಧ ಬೆಳೆದದ್ದು 2018ರ ಫೆಬ್ರವರಿಯಲ್ಲಿ. ನಿವೃತ್ತಿಯ ನಂತರದ ಮೊದಲ ಚಳಿಗಾಲವದು. ನಾವಿಬ್ಬರೂ ಅಮೆರಿಕದ ಮಿಷಿಗನ್ ರಾಜ್ಯದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಹೊರಗೆ ಕಾಲಿಡಲಾಗದ ಹಿಮ. ಸಂಜೆಯಾದರೆ ಟೀವಿಯಲ್ಲಿ ದಕ್ಷಿಣ ಕೊರಿಯದ ಪ್ಯೋಂಗ್‌ಚಾಂಗ್‌ನಿಂದ ಚಳಿಗಾಲದ ಒಲಿಂಪಿಕ್ಸ್. ಮಗಳು ಒಂದು ದಿನ ಕಾರಿನಲ್ಲಿ ಕರೆದೊಯ್ಯುವಾಗ ಕ್ಯಾಂಟನ್ ಎಂಬ ಊರಿನ ಒಂದು ಸಾಧಾರಣ ಕಟ್ಟಡವನ್ನು ತೋರಿಸಿ, "ಅಪ್ಪ, ಒಲಿಂಪಿಕ್ಸಿನಲ್ಲಿ ಮೊದಲನೆಯವರೂ ಎರಡನೆಯವರೂ ಇದೇ ಅಂಗಳದಲ್ಲಿ ಒಟ್ಟಿಗೆ ಕಲಿತವರು" ಎಂದಳು. ನನ್ನ ಕುತೂಹಲ ಕೆರಳಿದ್ದು ಆ ಮಾತಿನಿಂದ.

ಮೊದಲು ಆಟದ ಬಗ್ಗೆ ಎರಡು ಮಾತು. ಫಿಗರ್ ಸ್ಕೇಟಿಂಗಿನಲ್ಲಿ ಗಂಡು ಹೆಣ್ಣು ಜೋಡಿಯಾಗಿ ಭಾಗವಹಿಸುವ ಸ್ಪರ್ಧೆಗಳು ಎರಡು. ಒಂದು ಪೇರ್ಸ್. ಅದರಲ್ಲಿ ಹುಡುಗ ಹುಡುಗಿಯನ್ನು ತಲೆಯ ಮೇಲಕ್ಕೆ ಎತ್ತುತ್ತಾನೆ, ದೂರಕ್ಕೆ ಎಸೆಯುತ್ತಾನೆ. ಬಿದ್ದರೆ ಆಟ ತಿಳಿಯದ ನನ್ನಂಥವನಿಗೂ ಗೊತ್ತಾಗುತ್ತದೆ. ಇನ್ನೊಂದು ಐಸ್ ಡ್ಯಾನ್ಸ್. ಇಲ್ಲಿ ತಲೆಯ ಮೇಲೆ ಎತ್ತುವಂತಿಲ್ಲ, ಎಸೆಯುವಂತಿಲ್ಲ, ಗಾಳಿಯಲ್ಲಿ ಮೂರು ನಾಲ್ಕು ಸುತ್ತು ತಿರುಗುವ ಜಿಗಿತಗಳಿಲ್ಲ. ಸ್ಕೇಟಿನ ಅಲಗಿಗೆ ಒಳಗಿನದೊಂದು, ಹೊರಗಿನದೊಂದು ಎಂದು ಎರಡು ಅಂಚುಗಳಿವೆ. ಯಾವ ಅಂಚಿನ ಮೇಲೆ, ಎಷ್ಟು ಬಾಗಿ, ಜೊತೆಗಾರರಿಂದ ಎಷ್ಟು ಕಡಿಮೆ ಅಂತರದಲ್ಲಿ, ತಾಳಕ್ಕೆ ಎಷ್ಟು ಸರಿಯಾಗಿ ಜಾರಿದರು ಎಂಬುದೇ ಇಲ್ಲಿ ವಿದ್ಯೆ. ಉನ್ನತ ಮಟ್ಟದಲ್ಲಿ ಬೀಳುವವರು ಅಪರೂಪ. ಎಲ್ಲರೂ ನಿಂತೇ ಮುಗಿಸುವ ಸ್ಪರ್ಧೆಯಲ್ಲಿ ಮೊದಲಿಗರು ಯಾರೆಂದು ನಿರ್ಣಾಯಕರ ಕಣ್ಣು ಹೇಳಬೇಕು. ಓಟದ ಸ್ಪರ್ಧೆಯ ಗಡಿಯಾರದಂಥ ಸಾಕ್ಷಿ ಅಲ್ಲಿಲ್ಲ.

ಹೀಗಾಗಿಯೇ 1976ರಲ್ಲಿ ಒಲಿಂಪಿಕ್ಸಿಗೆ ಸೇರಿದ ಈ ವಿಭಾಗದ ಬೆನ್ನಿಗೆ ಸಂಶಯವೂ ಅಂಟಿಕೊಂಡು ಬಂದಿದೆ. ಒಮ್ಮತದ ದಿನಗಳು ಇರಲಿಲ್ಲವೆಂದಲ್ಲ. 1984ರಲ್ಲಿ ಸರಾಯೆವೊ ನಗರದಲ್ಲಿ ಇಂಗ್ಲೆಂಡಿನ ಜೇನ್ ಟೋರ್ವಿಲ್ ಮತ್ತು ಕ್ರಿಸ್ಟೋಫರ್ ಡೀನ್ ರಾವೆಲ್‌ನ 'ಬೊಲೆರೊ' ಸಂಗೀತಕ್ಕೆ ನರ್ತಿಸಿದಾಗ ಕಲಾತ್ಮಕತೆಗೆ ಒಂಬತ್ತು ನಿರ್ಣಾಯಕರೂ ಆರಕ್ಕೆ ಆರು ಕೊಟ್ಟರು. ಅದೇ ಜೋಡಿ ಹತ್ತು ವರ್ಷಗಳ ನಂತರ ಲಿಲ್ಲೆಹ್ಯಾಮರ್‌ನಲ್ಲಿ ಮರಳಿ ಬಂದು ಮೂರನೆಯ ಸ್ಥಾನ ಪಡೆದಾಗ ಜನ ರೊಚ್ಚಿಗೆದ್ದರು. ಅಂದಿನ ತೀರ್ಪು ತಪ್ಪೆಂದು ನಾನು ಹೇಳಲಾರೆ.

ಆದರೆ 1998ರ ನಗಾನೊ ಪ್ರಕರಣ ಕೇವಲ ಅಭಿಪ್ರಾಯಭೇದವಲ್ಲ. ಐಸ್ ಡ್ಯಾನ್ಸ್ ಪೀಠದಲ್ಲಿದ್ದ ಕೆನಡಾದ ಜೀನ್ ಸೆನ್ಫ್ಟ್ ಅವರೊಡನೆ ಯುಕ್ರೇನಿನ ನಿರ್ಣಾಯಕ ಯೂರಿ ಬಾಲ್ಕೊವ್ ದೂರವಾಣಿಯಲ್ಲಿ ಯಾರಿಗೆ ಯಾವ ಸ್ಥಾನ ಎಂದು ಮಾತನಾಡಿದ್ದನ್ನು ಆಕೆ ಧ್ವನಿಮುದ್ರಿಸಿಕೊಂಡು ಬಯಲಿಗೆ ತಂದರು. ಫಲವೇನು? ಬಾಲ್ಕೊವ್‌ಗೆ ಒಂದು ವರ್ಷದ ಅಮಾನತು. ದೂರು ತಂದ ಸೆನ್ಫ್ಟ್‌ಗೂ ತಮ್ಮ ದೇಶದ ಪರ ಅಂಕ ಕೊಟ್ಟರೆಂದು ಆರು ತಿಂಗಳ ಅಮಾನತು! ಅದೇ ಬಾಲ್ಕೊವ್ 2014ರ ಸೋಚಿ ಒಲಿಂಪಿಕ್ಸಿನ ಮಹಿಳೆಯರ ಸ್ಪರ್ಧೆಯ ಪೀಠದಲ್ಲಿ ಮತ್ತೆ ಕುಳಿತಿದ್ದರು. ಇದನ್ನು ಓದಿದಾಗ ನಾನು ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದೆ.

2002ರ ಸಾಲ್ಟ್‌ಲೇಕ್ ಸಿಟಿಯ ಹಗರಣ ನಿಮಗೂ ನೆನಪಿರಬಹುದು. ಪೇರ್ಸ್ ಸ್ಪರ್ಧೆಯಲ್ಲಿ ರಷ್ಯದ ಜೋಡಿಗೆ ಮತ ಕೊಟ್ಟ ಫ್ರಾನ್ಸಿನ ಮರಿ-ರೇನ್ ಲ ಗೂನ್ ತಮ್ಮ ಮೇಲೆ ಒತ್ತಡವಿತ್ತೆಂದು ಹೇಳಿ, ಆಮೇಲೆ ಆ ಮಾತನ್ನು ಹಿಂತೆಗೆದುಕೊಂಡರು. ಪೇರ್ಸ್‌ನಲ್ಲಿ ರಷ್ಯಕ್ಕೆ ಫ್ರಾನ್ಸಿನ ಮತ, ಪ್ರತಿಯಾಗಿ ಐಸ್ ಡ್ಯಾನ್ಸಿನಲ್ಲಿ ಫ್ರಾನ್ಸಿಗೆ ರಷ್ಯದ ಬೆಂಬಲ ಎಂಬುದು ಆರೋಪವಾಗಿತ್ತು. ಆಕೆಗೂ ಫ್ರೆಂಚ್ ಒಕ್ಕೂಟದ ಅಧ್ಯಕ್ಷರಿಗೂ ಮೂರು ವರ್ಷಗಳ ನಿಷೇಧವಾಯಿತು. ಕೆನಡಾದ ಜೋಡಿಗೆ ಎರಡನೆಯ ಚಿನ್ನದ ಪದಕ ಮಾಡಿಸಿ ಕೊಟ್ಟರು.

ಇಷ್ಟಾದ ಮೇಲೆ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಮಾಡಿದ ಸುಧಾರಣೆಯ ಬಗ್ಗೆಯೇ ನನ್ನ ತಕರಾರು. ಆರರ ಅಂಕಪದ್ಧತಿಯನ್ನು ಕೈಬಿಟ್ಟು ಪ್ರತಿಯೊಂದು ಚಲನೆಗೂ ಮೂಲಬೆಲೆ, ಅದರ ಗುಣಮಟ್ಟಕ್ಕೆ ಪ್ರತ್ಯೇಕ ಅಂಕ ಎಂದು ವಿಂಗಡಿಸಿದರು. ಇದು ಸರಿ, ನಮ್ಮ ಪ್ರಶ್ನೆಪತ್ರಿಕೆಗಳಿಗೆ ಅಂಕ ಹಂಚುವ ಮಾದರಿ ಉತ್ತರ ಇದ್ದ ಹಾಗೆ. ಆದರೆ ಅದರ ಜೊತೆಗೇ ಯಾವ ನಿರ್ಣಾಯಕರು ಯಾವ ಅಂಕ ಕೊಟ್ಟರೆಂಬುದನ್ನು ಮರೆಮಾಡಿಬಿಟ್ಟರು. ಆರಂಭದಲ್ಲಿ ಹನ್ನೆರಡು ಮಂದಿಯ ಪೈಕಿ ಒಂಬತ್ತು ಮಂದಿಯ ಅಂಕಗಳನ್ನು ಮಾತ್ರ ಗಣಕಯಂತ್ರ ಚೀಟಿ ಎತ್ತಿದಂತೆ ಆರಿಸುತ್ತಿತ್ತು. ಹೆಸರು ಗೊತ್ತಾಗದಿದ್ದರೆ ಒಕ್ಕೂಟಗಳು ತಮ್ಮ ನಿರ್ಣಾಯಕರ ಮೇಲೆ ಒತ್ತಡ ಹೇರಲಾರವು ಎಂಬುದು ಅವರ ತರ್ಕ.

ನಾನು ಅನೇಕ ವರ್ಷ ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ ಹೋದವನು. ಅಲ್ಲಿ ಮುಚ್ಚಿಡುವುದು ಬರೆದ ವಿದ್ಯಾರ್ಥಿಯ ಗುರುತನ್ನು. ಅಂಕ ಕೊಟ್ಟ ನಾವು ಕೆಂಪು ಶಾಯಿಯಲ್ಲಿ ಸಹಿ ಹಾಕಲೇಬೇಕು. ನಮ್ಮ ಮೇಲಿನವರು ಅದನ್ನು ತೆಗೆದು ನೋಡಬಹುದು, ಕರೆದು ಕೇಳಬಹುದು. ಐಸ್ ಡ್ಯಾನ್ಸಿನಲ್ಲಿ ಕುಣಿಯುವವರ ಮುಖವನ್ನು ಮುಚ್ಚಲು ಸಾಧ್ಯವಿಲ್ಲ. ಹೆಸರು, ದೇಶ, ಹಿಂದಿನ ಪದಕಗಳೆಲ್ಲ ನಿರ್ಣಾಯಕರಿಗೆ ಗೊತ್ತು. ಹಾಗಿರುವಾಗ ಸಹಿಯನ್ನೂ ಅಳಿಸಿದರೆ ಉಳಿಯುವುದೇನು? ಡಾರ್ಟ್‌ಮತ್ ಕಾಲೇಜಿನ ಅರ್ಥಶಾಸ್ತ್ರಜ್ಞ ಎರಿಕ್ ಝಿಟ್ಜೆವಿಟ್ಜ್ ಹಳೆಯ ಮತ್ತು ಹೊಸ ಪದ್ಧತಿಯ ಅಂಕಗಳನ್ನು ಹೋಲಿಸಿ ನೋಡಿದರು. ತಮ್ಮ ದೇಶದವರ ಕಡೆಗಿನ ಒಲವು ಹೆಸರು ಮುಚ್ಚಿದ ಮೇಲೆ ಕಡಿಮೆಯಾಗಲಿಲ್ಲ, ತುಸು ಹೆಚ್ಚೇ ಆಯಿತು ಎಂಬುದು ಅವರು ಕಂಡ ಸಂಗತಿ. ನಾನು ಮೌಲ್ಯಮಾಪನ ಕೇಂದ್ರದಲ್ಲಿ ಕುಳಿತವನಾದ್ದರಿಂದ ನನಗೆ ಆಶ್ಚರ್ಯವಾಗಲಿಲ್ಲ. ಒಕ್ಕೂಟ ತನ್ನ ತಪ್ಪನ್ನು ತಿದ್ದಿಕೊಂಡು ಹೆಸರುಗಳನ್ನು ಮತ್ತೆ ಬಹಿರಂಗಪಡಿಸುವ ನಿರ್ಧಾರ ಮಾಡಿದ್ದು 2016ರಲ್ಲಿ.

ಈಗ ಕ್ಯಾಂಟನ್ ಊರಿನ ಕಟ್ಟಡಕ್ಕೆ ಬರುತ್ತೇನೆ. ಕೆನಡಾದ ಟೆಸ್ಸಾ ವರ್ಚ್ಯೂ–ಸ್ಕಾಟ್ ಮೊಯಿರ್ ಮತ್ತು ಅಮೆರಿಕದ ಮೆರಿಲ್ ಡೇವಿಸ್–ಚಾರ್ಲಿ ವೈಟ್ ಅಲ್ಲಿ ವರ್ಷಗಟ್ಟಲೆ ಒಂದೇ ಅಂಗಳದಲ್ಲಿ ಅಭ್ಯಾಸ ಮಾಡಿದರು. ಗುರುಗಳು ಮರೀನಾ ಝೂಯೆವಾ ಮತ್ತು ಇಗೋರ್ ಶ್ಪಿಲ್‌ಬಾಂಡ್. 2012ರಲ್ಲಿ ಗುರುಗಳಿಬ್ಬರೂ ಬೇರೆಯಾದಾಗ ಎರಡು ಜೋಡಿಗಳೂ ಝೂಯೆವಾ ಅವರ ಬಳಿಯೇ ಉಳಿದವು. 2010ರ ವ್ಯಾಂಕೂವರ್‌ನಲ್ಲಿ ಕೆನಡಾದವರು ಮೊದಲು, ಅಮೆರಿಕದವರು ಎರಡನೆಯವರು. 2014ರ ಸೋಚಿಯಲ್ಲಿ ಅದು ತಿರುಗಿತು: ಅಮೆರಿಕ 195.52, ಕೆನಡಾ 190.99. ಪ್ರತಿಸ್ಪರ್ಧಿಯನ್ನು ದಿನವೂ ಬೆಳಗ್ಗೆ ಹತ್ತಡಿ ದೂರದಲ್ಲಿ ಕಾಣುತ್ತ ಬೆಳೆಯುವುದೆಂದರೇನು! ಒಂದೇ ತರಗತಿಯ ಮೊದಲ ಬೆಂಚಿನಲ್ಲಿ ಕುಳಿತು ಒಬ್ಬರನ್ನೊಬ್ಬರು ಎಳೆದುಕೊಂಡು ಮೇಲೇರಿದ ಮಕ್ಕಳನ್ನು ನಾನು ಕಂಡಿದ್ದೇನೆ. ನಿಮ್ಮಲ್ಲಿ ಕೆಲವರಿಗೆ ಇದು ಯಾರ ಮಾತೆಂದು ಗೊತ್ತು.

ಅಂಥ ಪೈಪೋಟಿಯ ಸೊಗಸನ್ನು ಕೆಡಿಸಿದ್ದು ಸಂಶಯ. ಸೋಚಿಯಲ್ಲಿ ಕೂಟದ ಆರಂಭದಲ್ಲೇ ಫ್ರಾನ್ಸಿನ 'ಲೆಕಿಪ್' ಪತ್ರಿಕೆ ಅಮೆರಿಕ–ರಷ್ಯ ನಡುವೆ ಒಳಒಪ್ಪಂದವಿದೆಯೆಂಬ ಆರೋಪವನ್ನು ಪ್ರಕಟಿಸಿತು, ಅಮೆರಿಕದವರು ಅಲ್ಲಗಳೆದರು. ಆ ವರ್ಷ ಎಲ್ಲರೂ 'ಫಿನ್‌ಸ್ಟೆಪ್' ಎಂಬ ನಡೆಯನ್ನು ಮಾಡಬೇಕಿತ್ತು. ಸುಸಾನ್ನಾ ರಾಹ್ಕಾಮೊ ಜೊತೆಗೂಡಿ ಅದನ್ನು ರೂಪಿಸಿದ ಫಿನ್‌ಲೆಂಡಿನ ಪೆಟ್ರಿ ಕೊಕ್ಕೊ, ತಮಗೆ ಈ ತೀರ್ಪು ಅರ್ಥವಾಗುತ್ತಿಲ್ಲ, ಕೆನಡಾದವರೇ ಮುಂದಿರಬೇಕಿತ್ತು ಎಂದು ಬರೆದರು. ಪಾಠ ಬರೆದವನೇ ಮೌಲ್ಯಮಾಪನವನ್ನು ಒಪ್ಪುತ್ತಿಲ್ಲ! ಡೇವಿಸ್ ಮತ್ತು ವೈಟ್ ನ್ಯಾಯವಾಗಿಯೇ ಗೆದ್ದಿರಬಹುದು, ನನಗೆ ಹಾಗೆಯೇ ಅನ್ನಿಸುತ್ತದೆ. ಆದರೆ ಅಂಕಪಟ್ಟಿಯಲ್ಲಿ ಹೆಸರಿಲ್ಲದ್ದರಿಂದ ಅವರ ಚಿನ್ನದ ಮೇಲೆ ಬಿದ್ದ ನೆರಳನ್ನು ಒರೆಸಲು ಅವರಿಗೂ ದಾರಿಯಿರಲಿಲ್ಲ. ಹೆಸರು ಮುಚ್ಚಿದ್ದರಿಂದ ಸೋತವರಿಗಷ್ಟೇ ನಷ್ಟವೆಂದು ತಿಳಿಯಬಾರದು.

2018ರಲ್ಲಿ ನಾವು ಟೀವಿಯ ಮುಂದೆ ಕುಳಿತು ನೋಡಿದ್ದನ್ನು ಇದಕ್ಕೆ ಹೋಲಿಸಿ. ವರ್ಚ್ಯೂ–ಮೊಯಿರ್ ಎರಡು ವರ್ಷ ಬಿಟ್ಟು ಮರಳಿದ್ದರು. ಎದುರಿಗೆ ಫ್ರಾನ್ಸಿನ ಗೇಬ್ರಿಯೆಲಾ ಪಾಪಡಾಕಿಸ್–ಗಿಯೋಮ್ ಸಿಝೆರಾನ್. ಮತ್ತೆ ಅದೇ ಕತೆ, ಇಬ್ಬರೂ ಮಾಂಟ್ರಿಯಲ್‌ನ ಒಂದೇ ಶಾಲೆಯವರು. ಮೊದಲ ದಿನ ಪಾಪಡಾಕಿಸ್ ಅವರ ಉಡುಪಿನ ಕೊಂಡಿ ಕಳಚಿಕೊಂಡಿತು. ಆ ಹುಡುಗಿ ನಿಲ್ಲಿಸದೆ ಕಡೆಯವರೆಗೂ ನರ್ತಿಸಿದ್ದನ್ನು ಕಂಡು ನನ್ನ ಮಡದಿ ಕಣ್ಣೊರೆಸಿಕೊಂಡಳು. ಮರುದಿನದ ನೃತ್ಯದಲ್ಲಿ ಫ್ರಾನ್ಸಿನವರಿಗೇ ಹೆಚ್ಚು, 123.35, ಕೆನಡಾಕ್ಕೆ 122.40. ಒಟ್ಟಿನಲ್ಲಿ 206.07ಕ್ಕೆ 205.28. ಅಂತರ 0.79. ಅಷ್ಟು ಕಡಿಮೆ ಅಂತರವಿದ್ದರೂ ಸೋಚಿಯಷ್ಟು ಗುಸುಗುಸು ಏಳಲಿಲ್ಲ. ಯಾರು ಎಷ್ಟು ಕೊಟ್ಟರೆಂಬ ಪಟ್ಟಿ ಎಲ್ಲರ ಮುಂದಿತ್ತು.

ಇನ್ನೊಂದು ತೀರ್ಪಿದೆ, ಅದಕ್ಕೆ ಅಂಕವೇ ಇಲ್ಲ. 2014ರಿಂದ ಒಲಿಂಪಿಕ್ಸಿನಲ್ಲಿ ತಂಡ ಸ್ಪರ್ಧೆ ಸೇರಿದೆ. ಪುರುಷರು, ಮಹಿಳೆಯರು, ಪೇರ್ಸ್, ಐಸ್ ಡ್ಯಾನ್ಸ್ ನಾಲ್ಕೂ ಸೇರಿ ಒಂದು ತಂಡ. ಎರಡನೆಯ ಹಂತಕ್ಕೆ ಎರಡು ವಿಭಾಗಗಳಲ್ಲಿ ಮಾತ್ರ ಆಟಗಾರರನ್ನು ಬದಲಿಸಬಹುದು. ಯಾರನ್ನು ಇಳಿಸಬೇಕೆಂದು ಆಯಾ ದೇಶದ ಒಕ್ಕೂಟ ತೀರ್ಮಾನಿಸುತ್ತದೆ. 2022ರ ಬೀಜಿಂಗ್‌ನಲ್ಲಿ ಅಮೆರಿಕದವರು ತಮ್ಮೊಳಗಿನ ಪ್ರತಿಸ್ಪರ್ಧಿಗಳಿಗೆ ಕೆಲಸವನ್ನು ಹಂಚಿದರು: ಮೊದಲ ನೃತ್ಯ ಹಬ್ಬೆಲ್–ಡೊನೊಹ್ಯೂ, ಎರಡನೆಯದು ಚಾಕ್–ಬೇಟ್ಸ್. ಎರಡು ಜೋಡಿಗಳೂ ತಮ್ಮ ಪಾಲಿನ ಸುತ್ತಿನಲ್ಲಿ ಮೊದಲಿಗರಾದರು. ವೈಯಕ್ತಿಕ ಸ್ಪರ್ಧೆಯಲ್ಲಿ ಹಬ್ಬೆಲ್–ಡೊನೊಹ್ಯೂಗೆ ಕಂಚು, ಚಾಕ್–ಬೇಟ್ಸ್ ನಾಲ್ಕನೆಯವರು. ಆ ಹಂಚಿಕೆ ಇಲ್ಲದಿದ್ದರೆ ನಾಲ್ಕನೆಯವರು ಬರಿಗೈಯಲ್ಲಿ ಹೋಗುತ್ತಿದ್ದರು. ರಷ್ಯದ ವಲೀವಾ ಪ್ರಕರಣದ ಕಾರಣ ತಂಡದ ಚಿನ್ನ ಅಮೆರಿಕದವರ ಕೈಸೇರಿದ್ದು 2024ರ ಆಗಸ್ಟ್‌ನಲ್ಲಿ, ಪ್ಯಾರಿಸ್ಸಿನಲ್ಲಿ. ಈ ಆಯ್ಕೆ ನನಗೆ ಮೆಚ್ಚುಗೆಯಾಯಿತು. ಆದರೆ ಇಂಥ ಆಯ್ಕೆಗಳ ಕಾರಣವನ್ನೂ ನಾಲ್ಕು ಸಾಲು ಬರೆದು ಪ್ರಕಟಿಸಬೇಕು. ಹೊರಗುಳಿದ ಮಗುವಿಗೆ ಕಾರಣ ತಿಳಿಯುವ ಹಕ್ಕಿದೆ.

ಹೆಸರು ಕಂಡ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ. 2026ರ ಫೆಬ್ರವರಿಯ ಮಿಲಾನ್ ಕೂಟದಲ್ಲಿ ಫ್ರಾನ್ಸಿನ ಫೂರ್ನಿಯೇ ಬೋದ್ರಿ–ಸಿಝೆರಾನ್ ಅಮೆರಿಕದ ಚಾಕ್–ಬೇಟ್ಸ್ ಅವರನ್ನು ಒಂದೂವರೆ ಅಂಕಕ್ಕಿಂತ ಕಡಿಮೆ ಅಂತರದಲ್ಲಿ ಸೋಲಿಸಿದಾಗ ಫ್ರಾನ್ಸಿನ ನಿರ್ಣಾಯಕರ ಅಂಕಗಳ ಬಗ್ಗೆ ವಾದವೆದ್ದಿತು. ಪಟ್ಟಿ ತೆರೆದಿದ್ದುದರಿಂದಲೇ ಆ ವಾದ ಸಾಧ್ಯವಾಯಿತು ಎಂಬುದನ್ನು ಮರೆಯಬಾರದು. ಆದರೂ ನಿರ್ಣಾಯಕರನ್ನು ಸೂಚಿಸುವವರು ಸ್ಪರ್ಧಿಗಳನ್ನು ಕಳುಹಿಸುವ ಅದೇ ರಾಷ್ಟ್ರೀಯ ಒಕ್ಕೂಟಗಳು. ಕಳುಹಿಸಿದವರ ಋಣ ಹೊತ್ತು ಬಂದವರು ತಕ್ಕಡಿ ಹಿಡಿಯುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು.

ಹೇಗೆ ಗೊತ್ತೆಂದು ಇದುವರೆಗೆ ಯಾರಿಗೂ ಹೇಳಿರಲಿಲ್ಲ. 1990ರ ಸುಮಾರಿಗೆ ತಾಲ್ಲೂಕು ಮಟ್ಟದ ಶಾಲಾ ಸ್ಪರ್ಧೆಯೊಂದರಲ್ಲಿ ಕೋಲಾಟಕ್ಕೆ ನಾನು ಮೂವರು ತೀರ್ಪುಗಾರರಲ್ಲಿ ಒಬ್ಬ. ನಮ್ಮ ಶಾಲೆಯ ಮಕ್ಕಳು ಅದೇ ದಿನ ಸಮೂಹಗಾನದಲ್ಲಿದ್ದರು. ಪಕ್ಕದಲ್ಲಿ ಕುಳಿತ ಬೇರೆ ಶಾಲೆಯ ಮೇಷ್ಟ್ರು, "ಅಲ್ಲಿ ನಿಮ್ಮ ಮಕ್ಕಳನ್ನ ನಮ್ಮೋರು ನೋಡ್ಕೋತಾರೆ, ಇಲ್ಲಿ ನೀವು ನಮ್ಮನ್ನ ನೋಡ್ಕೊಳ್ಳಿ ಸಾರ್" ಎಂದರು. ನಾನು ಹೂಂ ಎನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ. ಅಂಕ ಹಾಕುವಾಗ ನನ್ನ ಕೈ ಎರಡು ಅಂಕ ಹೆಚ್ಚು ಬರೆಯಿತು. ಒಟ್ಟು ಮೊತ್ತವನ್ನಷ್ಟೇ ಓದಿದರು. ಬಿಡಿ ಪಟ್ಟಿಗಳನ್ನು ಕಟ್ಟಿ ಇಟ್ಟರು. ಒಂದು ಸಣ್ಣ ಹಳ್ಳಿಯ ಶಾಲೆ ಒಂದೇ ಅಂಕದಿಂದ ಎರಡನೆಯದಾಯಿತು. ಅವರನ್ನು ಕರೆತಂದಿದ್ದ ಯುವ ಶಿಕ್ಷಕರು ನನ್ನ ಬಳಿ ಬಂದು, "ಎಲ್ಲಿ ತಪ್ಪಿತು ಅಂತ ಹೇಳಿದ್ರೆ ಮುಂದಿನ ವರ್ಷ ತಿದ್ದಿಸ್ತೀನಿ ಸಾರ್" ಎಂದು ಕೇಳಿದರು. "ಕೊನೆಯಲ್ಲಿ ತಾಳ ಸ್ವಲ್ಪ ಹಿಂದೆ ಬಿತ್ತು" ಎಂದೆ. ಅವರು ಅದನ್ನು ಪುಸ್ತಕದಲ್ಲಿ ಬರೆದುಕೊಂಡರು.

ಆ ಮಕ್ಕಳಿಗೆ ಈಗ ನಲವತ್ತೆಂಟು, ಐವತ್ತು ವಯಸ್ಸಾಗಿರಬೇಕು. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ಆ ಶಿಕ್ಷಕರು ಎಲ್ಲಿದ್ದಾರೆಂದು ದಯವಿಟ್ಟು ನನಗೆ ತಿಳಿಸಿ. ಅಂದು ನಿಮ್ಮ ತಾಳ ತಪ್ಪಿರಲಿಲ್ಲ.