ದೊಡ್ಡಮ್ಮ ಬೇಡ ಅಂದ್ರೆ ಬೇಡ

ಆರಿದ್ರಾ ಮಳೆ ಹಿಡೀತು ಅಂದ್ರೆ ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ಒಂದೇ ಪ್ರಶ್ನೆ: "ಅಣಬೆ ಎದ್ದಿದಾವಾ?" ಕೊಪ್ಪದ ಕಡೆಯಿಂದ ದೊಡ್ಡಮ್ಮನ ವಾಯ್ಸ್ ಮೆಸೇಜ್ ಬಂದ ವಾರವೇ ಬೆಂಗಳೂರಿನ ನಾವು ನಾಲ್ಕೈದು ಜನ ರಾತ್ರಿ ಬಸ್ಸು ಹತ್ತುತ್ತೀವಿ. ಜೊತೆಗೆ ಆಫೀಸಿನ ಒಬ್ಬಿಬ್ಬರು ಗೆಳೆಯರು.

ನಾವು ಹುಡುಕೋದು ಹುತ್ತದ ಅಣಬೆ. ಇದನ್ನು ಬೆಳೆಸೋದು ಗೆದ್ದಲು! ಒಣಗಿದ ಎಲೆ, ಕಟ್ಟಿಗೆ ತಿಂದು, ಅದರಿಂದ ನೆಲದಡಿ ಸ್ಪಂಜಿನಂಥ ಗೂಡು ಕಟ್ಟಿ, ಅದರಲ್ಲಿ ಈ ಶಿಲೀಂಧ್ರವನ್ನು ಸಾಕುತ್ತವೆ. ಮಳೆ ಬಿದ್ದು ನೆಲ ಮೆತ್ತಗಾದಾಗ ಕೊಡೆ ಮೇಲೆ ಬರುತ್ತೆ. ಕಾಲು ಹಿಡಿದು ನಿಧಾನಕ್ಕೆ ಎಳೆದರೆ ಬೇರಿನ ಥರದ ಉದ್ದನೆಯ ಬಾಲ ಬರುತ್ತಲ್ಲ, ಅದು ಕೆಳಗೆ ಆ ಗೂಡಿನವರೆಗೂ ಇಳಿದಿರುತ್ತೆ. ಗೆದ್ದಲಿಲ್ಲದೆ ಇದು ಬೆಳೆಯಲ್ಲ. ಅದಕ್ಕೇ ಸೂಪರ್ ಮಾರ್ಕೆಟ್ಟಿನಲ್ಲಿ ಬಟನ್ ಮಶ್ರೂಮ್ ಸಿಗುತ್ತೆ, ಇದು ಸಿಗಲ್ಲ. ಗುದ್ದಲಿ ಹಾಕಿ ಅಗೆದು ಗೂಡು ಹಾಳು ಮಾಡಿದರೆ ಮುಂದಿನ ವರ್ಷ ಅಲ್ಲಿ ಏನೂ ಇರಲ್ಲ. ಬಿಟ್ಟರೆ ಹೆಚ್ಚುಕಮ್ಮಿ ಅದೇ ಜಾಗದಲ್ಲಿ ಮತ್ತೆ ಏಳುತ್ತೆ. ಹಾಗಾಗಿ ಜಾಗ ಯಾರೂ ಯಾರಿಗೂ ಹೇಳಲ್ಲ. ಹೋದ ವರ್ಷ ಗೆಳೆಯನೊಬ್ಬ ಇನ್‌ಸ್ಟಾಗ್ರಾಂ ಸ್ಟೋರಿಗೆ ಲೊಕೇಶನ್ ಹಾಕಿದ್ದ. ಲೊಕೇಶನ್ ಅಂದ್ರೇನು ಅಂತ ದೊಡ್ಡಮ್ಮನಿಗೆ ಅರ್ಥ ಮಾಡಿಸಿದ್ದೇ ತಡ, ಅದನ್ನು ತೆಗೆಸೋವರೆಗೂ ಅವನಿಗೆ ಕಾಫಿ ಕೊಡಲಿಲ್ಲ.

ಅದೇ ಗೆಳೆಯ ಈ ಸಲ ಫೋನಲ್ಲಿ ಒಂದು ಫೋಟೋ ತೋರಿಸಿದ. ಅವನ ಅಪಾರ್ಟ್‌ಮೆಂಟಿನ ಹುಲ್ಲುಹಾಸಲ್ಲಿ ಎದ್ದ ಬಿಳಿ ಕೊಡೆ. "ಆ್ಯಪ್ ತಿನ್ನಬಹುದು ಅಂತಿದೆ ದೊಡ್ಡಮ್ಮಾ." ದೊಡ್ಡಮ್ಮ ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, "ಕಾಲು ಎಲ್ಲಿ, ವಾಸನೆ ಎಲ್ಲಿ?" ಅಂದ್ರು. ಅಷ್ಟೇ.

ಅವರ ಮಾತು ನೂರಕ್ಕೆ ನೂರು ಸರಿ. ನಮ್ಮ ಊರುಗಳ ಹುಲ್ಲಿನಲ್ಲಿ ಬರೋ ಒಂದು ಬಿಳಿ ಅಣಬೆ ಎಳೆಯದಿದ್ದಾಗ ಮುದ್ದಾಗಿರುತ್ತೆ, ಬಲಿತ ಮೇಲೆ ಕೊಡೆಯ ಅಡಿಯ ಪದರು ಹಸಿರಾಗುತ್ತೆ. ತಿಂದರೆ ಕೆಲವೇ ಗಂಟೆಯಲ್ಲಿ ವಾಂತಿ, ಭೇದಿ. ಇದಕ್ಕಿಂತ ಭಯಂಕರವಾದದ್ದು ಅಮಾನಿಟಾ ಜಾತಿಯ ಕೆಲವು. ಅವು ತಕ್ಷಣ ಏನೂ ಮಾಡಲ್ಲ. ಆರರಿಂದ ಹನ್ನೆರಡು ಗಂಟೆ, ಕೆಲವೊಮ್ಮೆ ಇನ್ನೂ ತಡವಾಗಿ ಹೊಟ್ಟೆ ಕೆಡುತ್ತೆ; ಆಮೇಲೆ ಸುಧಾರಿಸಿದ ಹಾಗೆ ಕಾಣುತ್ತೆ; ಅಷ್ಟರಲ್ಲಿ ಒಳಗೆ ಲಿವರ್ ಹಾಳಾಗ್ತಿರುತ್ತೆ. 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನಲ್ಲಿ ಕಾಡು ಅಣಬೆ ತಿಂದು ಕೆಲವೇ ದಿನಗಳಲ್ಲಿ ಹತ್ತಕ್ಕೂ ಹೆಚ್ಚು ಜನ ಸತ್ತರು. ಚಹಾ ತೋಟಗಳ ಕಡೆಯ ಬಡ ಮನೆಗಳವರು ಅವರಲ್ಲಿ ಬಹಳ.

ಬೆಳ್ಳಿ ಚಮಚ ಕಪ್ಪಾಗುತ್ತೆ, ಬೆಳ್ಳುಳ್ಳಿ ಬಣ್ಣ ತಿರುಗುತ್ತೆ, ಹುಳ ತಿಂದಿದ್ರೆ ನಾವೂ ತಿನ್ನಬಹುದು — ಇವೆಲ್ಲ ಸುಳ್ಳು. ಚೆನ್ನಾಗಿ ಬೇಯಿಸಿದರೆ ವಿಷ ಹೋಗುತ್ತೆ ಅನ್ನೋದಂತೂ ಅಮಾನಿಟಾದ ಮಟ್ಟಿಗೆ ಹಸಿ ಸುಳ್ಳು. ಅನುಮಾನ ಬಂದರೆ ಉಳಿದ ಅಣಬೆಯನ್ನು ಕಾಗದದಲ್ಲಿ ಸುತ್ಕೊಂಡು ಸೀದಾ ಆಸ್ಪತ್ರೆಗೆ ಹೋಗಿ, ಹೊಟ್ಟೆನೋವು ನಿಂತಿದ್ದರೂ ಸರಿ.

ನಮ್ಮನೆ ನಿಯಮ ಒಂದೇ. ತಂದದ್ದನ್ನೆಲ್ಲ ಜಗಲಿ ಮೇಲೆ ಹರಡಬೇಕು, ದೊಡ್ಡಮ್ಮ ಒಂದೊಂದೇ ಎತ್ತಿ ನೋಡಬೇಕು. ಬೇಡ ಅಂದ್ರೆ ವಾದ ಇಲ್ಲ. ಅಷ್ಟು ವರ್ಷ ಕಾಡು ಸುತ್ತಿದವರು ತಿನ್ನೋದು ನಾಲ್ಕೇ ಬಗೆ. ಐದನೇದು ಅವರಿಗೆ ಗೊತ್ತಿಲ್ಲ, ಗೊತ್ತಿಲ್ಲದ್ದು ಪಾತ್ರೆಗಿಲ್ಲ. (ಕೊಡಗಿನ ಗೆಳತಿ ಕಕ್ಕಡದಲ್ಲಿ ಕುಮ್ಮು ಕರಿ, ಕಡುಬುಟ್ಟು ಅಂತ ಆಸೆ ಹುಟ್ಟಿಸ್ತಾಳೆ; ಅಲ್ಲಿ ಅವಳ ಅಜ್ಜಿ ಹೇಳಿದ್ದು ನಡೆಯುತ್ತೆ, ನಮ್ಮ ದೊಡ್ಡಮ್ಮಂದಲ್ಲ.)

ಆದರೆ ದೊಡ್ಡಮ್ಮನಿಗೆ ಈಗ ಕಣ್ಣಿಗೆ ಪೊರೆ. ಮಳೆಗಾಲ ಮುಗೀಲಿ ಅಂತ ಆಪರೇಷನ್ ಮುಂದೂಡ್ತಾನೇ ಇದ್ದಾರೆ. ಈ ವರ್ಷ ಮೊದಲು ಆರಿಸೋ ಕೆಲಸ ನನ್ನ ಚಿಕ್ಕಪ್ಪನ ಮಗಳಿಗೆ ಕೊಟ್ಟರು. ಅವಳು ಒಂದೊಂದನ್ನೂ ತಿರುಗಿಸಿ, ಮೂಸಿ, ಕಾಲು ಸೀಳಿ ನೋಡಿ ಎರಡು ರಾಶಿ ಮಾಡಿದಳು. ಆಮೇಲೆ ದೊಡ್ಡಮ್ಮ ಬೆರಳಲ್ಲೇ ಮುಟ್ಟಿ ಮುಟ್ಟಿ ನೋಡಿದ್ರು. ಅವಳು ಬಿಸಾಕೋ ರಾಶಿಗೆ ಹಾಕಿದ್ದರಲ್ಲಿ ಎರಡು ಒಳ್ಳೆಯ ಅಣಬೆಯೇ ಇದ್ದವಂತೆ. ಅದನ್ನು ನಮಗೆ ಹೇಳಿದ್ದು ರಾತ್ರಿ, ಅಕ್ಕಿ ರೊಟ್ಟಿ ಜೊತೆ ಪಲ್ಯ ಖಾಲಿಯಾದ ಮೇಲೆ. ಆಗ ಮಾತ್ರ ಏನೂ ಮಾತಾಡದೆ ಆ ಎರಡನ್ನೂ ತಿಪ್ಪೆಗೇ ಹಾಕಿಸಿದ್ರು.