ಕೂತರೆ ಸಾಲದು, ಕೂಡಬೇಕು



ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಪೂರ್ವಕ್ಕೆ ನಡೆದರೆ ಸಿಗುವುದು ಲ್ಯಾಮಿಂಗ್ಟನ್ ರೋಡ್. ಹಲಗೆಯ ಮೇಲೆ ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ ಎಂದಿದ್ದರೂ, 1903ರಿಂದ 1907ರವರೆಗೆ ಮುಂಬಯಿಯ ಗವರ್ನರರಾಗಿದ್ದ ಲಾರ್ಡ್ ಲ್ಯಾಮಿಂಗ್ಟನ್ನರ ಹೆಸರು ಇನ್ನೂ ನಮ್ಮ ನಾಲಿಗೆ ಬಿಟ್ಟಿಲ್ಲ. ಮನೆಯ ಕಂಪ್ಯೂಟರ್ ಆಮೆಯಂತಾದಾಗ ನಿಮ್ಮಲ್ಲಿ ಹಲವರು ಓಡುವುದು ಅಲ್ಲಿಗೇ. ನಾನೂ ಹಾಗೆಯೇ ಹೋದೆ.

ನನ್ನ ಯಂತ್ರದಲ್ಲಿ 3200 ವೇಗದ 8 ಜಿಬಿ ಡಿಡಿಆರ್4 ರ‍್ಯಾಮ್ ಒಂದಿತ್ತು. ಅಗ್ಗಕ್ಕೆ ಸಿಕ್ಕಿತೆಂದು 2666 ವೇಗದ ಇನ್ನೊಂದನ್ನು ತಂದು ಸಿಕ್ಕಿಸಿದೆ. ಪರದೆಯ ಮೇಲೆ 16 ಜಿಬಿ ಎಂದು ಕಂಡಿತು. ಹಿಗ್ಗಿ ಹೀರೇಕಾಯಿಯಾದೆ! ಅಷ್ಟಕ್ಕೇ ನಿಲ್ಲದೆ ಬಯಾಸ್‌ಗೆ ಹೋಗಿ ಎರಡರ ವೇಗವನ್ನೂ 3200ಕ್ಕೆ ಏರಿಸಿದೆ.

ಆಮೇಲೆ ಊರಿನಿಂದ ಸ್ಕ್ಯಾನ್ ಮಾಡಿ ತಂದಿದ್ದ ಹಳೆಯ ಫೋಟೋಗಳನ್ನು ಅದಕ್ಕೆ ತುಂಬಿಸಿ, ಪೆನ್ ಡ್ರೈವನ್ನು ಅಳಿಸಿಬಿಟ್ಟೆ. ಕೆಲವು ವಾರಗಳ ನಂತರ ತೆರೆದು ನೋಡಿದರೆ ಹಲವು ಚಿತ್ರಗಳ ಅರ್ಧ ಭಾಗ ಬೂದಿ ಬಣ್ಣ. ಮೂಲ ಫೋಟೋಗಳನ್ನು ನೋಡೋಣವೆಂದರೆ, ಅಷ್ಟರಲ್ಲಿ ಊರಿನ ಮನೆಯಲ್ಲಿ ಗೆದ್ದಲು ಅವನ್ನು ಮುಗಿಸಿತ್ತು.

ತಪ್ಪು ಯಾರದು? ಮೆಮ್‌ಟೆಸ್ಟ್86 ಓಡಿಸಿದೆ. ಬೇರೆ ಬೇರೆಯಾಗಿ, ತಂತಮ್ಮ ವೇಗದಲ್ಲಿ ಎರಡೂ ನಿರ್ದೋಷಿಗಳು. ಜೊತೆಯಾಗಿ 3200ರಲ್ಲಿ ಓಡಿಸಿದರೆ ಸಾಲುಸಾಲು ದೋಷ. ಮತ್ತೆ 2666ಕ್ಕೆ ಇಳಿಸಿದೆ, ದೋಷ ನಿಂತಿತು. ಅಂಗಡಿಯವನದಲ್ಲ, ತಪ್ಪು ನನ್ನದೇ. ನಾವು ನಕಲು ಮಾಡುವ ಪ್ರತಿಯೊಂದು ಫೈಲೂ ರ‍್ಯಾಮ್ ಮೂಲಕವೇ ಹಾದುಹೋಗುತ್ತದೆ. ಅಲ್ಲಿ ಒಂದು ಬಿಟ್ ಬದಲಾದರೂ ಸಾಮಾನ್ಯ ಡೆಸ್ಕ್‌ಟಾಪ್ ನಮಗೆ ತಿಳಿಸುವುದಿಲ್ಲ.

ಮುಂದೆ ಸ್ಲೋ ಲೋಕಲ್ ಇದ್ದರೆ ಅದೇ ಹಳಿಯ ಮೇಲೆ ಹಿಂದಿನ ಗಾಡಿಯೂ ನಿಧಾನವಾಗಲೇಬೇಕಲ್ಲವೇ? ರ‍್ಯಾಮಿನದೂ ಅದೇ ನ್ಯಾಯ. ಬೆರಸಿದರೆ ಎರಡೂ ನಿಧಾನದ್ದರ ವೇಗಕ್ಕೆ ಇಳಿಯುತ್ತವೆ. ಇಳಿಯಲು ಬಿಡಿ, ಬಲವಂತ ಬೇಡ.

ಇನ್ನು ಕೊಳ್ಳುವ ಮುನ್ನ ಗಮನಿಸಬೇಕಾದದ್ದು. ಡಿಡಿಆರ್3ಕ್ಕೆ 240 ಪಿನ್ನು, ಡಿಡಿಆರ್4 ಮತ್ತು 5ಕ್ಕೆ 288. ಆದರೆ ಇವುಗಳ ಕಚ್ಚು ಬೇರೆ ಬೇರೆ ಕಡೆ ಇರುವುದರಿಂದ ಒಂದರ ಜಾಗದಲ್ಲಿ ಇನ್ನೊಂದು ಕೂರದು. ಒತ್ತಿ ಕೂರಿಸಲು ಹೋಗಿ ಬೋರ್ಡು ಮುರಿಯಬೇಡಿ. ಸರ್ವರಿನಿಂದ ಕಳಚಿದ 'ರಿಜಿಸ್ಟರ್ಡ್' ರ‍್ಯಾಮ್ ಅಗ್ಗಕ್ಕೆ ಸಿಕ್ಕರೂ ಮನೆಯ ಯಂತ್ರದಲ್ಲಿ ನಡೆಯದು. 8ರ ಜೊತೆ 4 ಹಾಕಿದರೆ ಸಾಮಾನ್ಯವಾಗಿ ನಡೆಯುತ್ತದೆ, ಆದರೆ ಅದರ ಒಂದು ಪಾಲಿಗೆ ಮಾತ್ರ ಎರಡು ಚಾನೆಲ್‌ಗಳ ಲಾಭ. ಹಳೆಯ ರ‍್ಯಾಮನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಅದರ ಚೀಟಿ ನೋಡಿ ಅಂಥದ್ದನ್ನೇ ಕೇಳಿ. ಎಲ್ಲಕ್ಕಿಂತ ಒಳ್ಳೆಯದು, ಒಂದೇ ಪೆಟ್ಟಿಗೆಯಲ್ಲಿ ಬರುವ ಜೋಡಿ. ಯಾವ ಸ್ಲಾಟು ಎಂಬುದನ್ನು ಬೋರ್ಡಿನ ಪುಸ್ತಕದಲ್ಲಿ ನೋಡಿ. ನಾಲ್ಕಿದ್ದರೆ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎರಡನೆಯದು ಮತ್ತು ನಾಲ್ಕನೆಯದು. ಮುಟ್ಟುವ ಮೊದಲು ಪ್ಲಗ್ ಕಳಚಿ, ಕ್ಯಾಬಿನೆಟ್ಟಿನ ಲೋಹವನ್ನೊಮ್ಮೆ ಮುಟ್ಟಿ. ಹಾಕಿದ ಮೇಲೆ ಒಂದು ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಿಸಿ. ಬೆಳಿಗ್ಗೆ ದೋಷ ಸೊನ್ನೆ ಇದ್ದರೆ ಮಾತ್ರ ನಿಮ್ಮ ಫೈಲುಗಳನ್ನು ಅದಕ್ಕೆ ಒಪ್ಪಿಸಿ, ಆಗಲೂ ಇನ್ನೊಂದು ಪ್ರತಿ ಬೇರೆಡೆ ಇರಲಿ.

ಉಳಿಸಿದ್ದು ಕೆಲವು ನೂರು ರೂಪಾಯಿ. ಕಳೆದುಕೊಂಡದ್ದರಲ್ಲಿ ಒಂದು, ನನ್ನಜ್ಜ ಮುಂಬಯಿಗೆ ಬಂದ ಹೊಸತರಲ್ಲಿ ಹೋಟೆಲಿನ ಗಲ್ಲಾದ ಹಿಂದೆ ನಿಂತು ತೆಗೆಸಿಕೊಂಡ ಚಿತ್ರ. ಮುಖ ಉಳಿದಿದೆ. ಪಕ್ಕದಲ್ಲಿ ಕೂತವರು ಯಾರೆಂದು ಈಗ ಹೇಳುವವರಿಲ್ಲ.

ನಿಮ್ಮ ಮನೆಯಲ್ಲೂ ಅಂಥ ಆಲ್ಬಂ ಇರಬಹುದು. ಈ ಭಾನುವಾರ ಹಿರಿಯರ ಜೊತೆ ಕೂತು ಸ್ಕ್ಯಾನ್ ಮಾಡಿ, ಹೆಸರುಗಳನ್ನು ಬರೆದಿಡಿ. ಯಂತ್ರವನ್ನು ಮಾತ್ರ ಮೊದಲೇ ಪರೀಕ್ಷಿಸಿಕೊಳ್ಳಿ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.