ರೋಗನಿರೋಧಕ ಶಕ್ತಿ ಹೆಚ್ಚಿದಷ್ಟೂ ಒಳ್ಳೆಯದೇ? ಒಂದು ಮೀನಿನ ಉತ್ತರ

ರೋಗನಿರೋಧಕ ಶಕ್ತಿ ಹೆಚ್ಚಾದಷ್ಟೂ ಒಳ್ಳೆಯದು ಎಂದು ನಾವು ನಂಬಿದ್ದೇವೆ. ಬೆರಳುದ್ದದ ಸ್ಟಿಕಲ್‌ಬ್ಯಾಕ್ ಮೀನನ್ನು ನೋಡಿದರೆ ಈ ನಂಬಿಕೆ ಪೂರ್ತಿ ಸರಿಯಲ್ಲ ಎಂದು ತಿಳಿಯುತ್ತದೆ.

ಉತ್ತರ ಗೋಳಾರ್ಧದ ತಂಪು ಸರೋವರಗಳಲ್ಲಿ ಈ ಮೀನು ಕೊಪೆಪಾಡ್ ಎಂಬ ಪುಟ್ಟ ಜಲಜೀವಿಗಳನ್ನು ತಿನ್ನುತ್ತದೆ. ಅವುಗಳಲ್ಲಿ ಅಡಗಿರುವ ಲಾಡಿಹುಳುವಿನ ಮರಿ ಮೀನಿನ ಕರುಳನ್ನು ಕೊರೆದು ಹೊಟ್ಟೆಯ ಪೊಳ್ಳಿಗೆ ಸೇರುತ್ತದೆ. ಅಲ್ಲಿ ಬೆಳೆದು, ಕೆಲವೊಮ್ಮೆ ಮೀನಿನಷ್ಟೇ ತೂಗುತ್ತದೆ! ಮೀನನ್ನು ನೀರುಹಕ್ಕಿ ತಿಂದಾಗ ಹುಳು ಹಕ್ಕಿಯ ಕರುಳಿನಲ್ಲಿ ಮೊಟ್ಟೆಯಿಡುತ್ತದೆ.

ಮೀನು ಸುಮ್ಮನಿರುತ್ತದೆಯೇ? ಇಲ್ಲ. ನಮ್ಮ ದೇಹದಲ್ಲಿ ರಕ್ತಕಣಗಳು ಮೂಳೆಯ ಮಜ್ಜೆಯಲ್ಲಿ ಹುಟ್ಟಿದರೆ, ಮೀನುಗಳಲ್ಲಿ ಆ ಕೆಲಸ ಮುಖ್ಯವಾಗಿ ಮೂತ್ರಪಿಂಡದ ಮುಂಭಾಗದ್ದು. ಅಲ್ಲಿ ಹುಟ್ಟಿದ ಬಿಳಿ ರಕ್ತಕಣಗಳು ಆಮ್ಲಜನಕದ ತೀಕ್ಷ್ಣ ಸಂಯುಕ್ತಗಳನ್ನು ಸ್ರವಿಸಿ ದಾಳಿ ಮಾಡುತ್ತವೆ. ಬ್ಯಾಕ್ಟೀರಿಯಾವನ್ನಾದರೆ ಅವು ನುಂಗಿಬಿಡುತ್ತವೆ. ಇಷ್ಟು ದೊಡ್ಡ ಹುಳುವನ್ನು ನುಂಗಲಾಗದು. ಆದ್ದರಿಂದ ಕೆಲವು ಸರೋವರಗಳ ಮೀನುಗಳಲ್ಲಿ ಹೊಟ್ಟೆಯೊಳಗೆ ನಾರಿನಂಥ ಅಂಗಾಂಶ ಬೆಳೆದು ಹುಳುವನ್ನು ಹತ್ತಿಕ್ಕುತ್ತದೆ. ಇದೇ ಫೈಬ್ರೋಸಿಸ್.

ಆದರೆ ಅದೇ ನಾರು ಮೀನಿನ ಅಂಗಗಳನ್ನೂ ಒಂದಕ್ಕೊಂದು ಅಂಟಿಸುತ್ತದೆ, ಸಂತಾನೋತ್ಪತ್ತಿಗೆ ಅಡ್ಡಿಯಾಗುತ್ತದೆ. ಕೆನಡಾದ ವ್ಯಾಂಕೂವರ್ ದ್ವೀಪದ ಎರಡು ಸರೋವರಗಳ ಮೀನುಗಳ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಒಂದು ಸರೋವರದ ಮೀನುಗಳು ಹೀಗೆ ಹೋರಾಡಿದರೆ, ಗಾಸ್ಲಿಂಗ್ ಸರೋವರದವು ಹುಳುವನ್ನು ಸಹಿಸಿಕೊಂಡೇ ಬದುಕುತ್ತವೆ.

ಮನುಷ್ಯರಲ್ಲೂ ದೀರ್ಘಕಾಲದ ಉರಿಯೂತದಿಂದ ಯಕೃತ್ತಿನಲ್ಲಿ ಇಂಥ ನಾರು ಬೆಳೆಯುತ್ತದೆ. ಹಾಗಾಗಿ ‘ಇಮ್ಯೂನಿಟಿ ಹೆಚ್ಚಿಸಿಕೊಳ್ಳಿ’ ಎಂಬ ಜಾಹೀರಾತು ಕಂಡಾಗ ನೆನಪಿಡೋಣ: ದೇಹಕ್ಕೆ ಬೇಕಿರುವುದು ಹದವಾದ ಪ್ರತಿರೋಧ, ಮಿತಿಮೀರಿದ್ದಲ್ಲ.